ಕಲ್ಲಜ್ಜ ಕದಲಿದ ದಿನ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಳಕು ಹರಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಅರವತ್ತು ದಾಟಿದವರೊಬ್ಬರು ಕೈಗಡಿಯಾರ, ಬೆಲ್ಟು, ಬೀಗದ ಕೈ ಎಲ್ಲವನ್ನೂ ಬುಟ್ಟಿಗೆ ಹಾಕಿ, ಕಿವಿಗೆ ಹತ್ತಿ ತುರುಕಿಕೊಂಡು, ಮನೆಯ ಮಂಚವೇನೋ ಎಂಬಂತೆ ಯಂತ್ರದ ಹಲಗೆಯ ಮೇಲೆ ಮಲಗುತ್ತಾರೆ. ತಲೆಯ ಎರಡೂ ಬದಿಗೆ ಮೆತ್ತೆ, ಕಣ್ಣಿನ ಮೇಲೊಂದು ಪುಟ್ಟ ಕನ್ನಡಿ. ಕಾಲಿನಾಚೆಯ ಗಾಜಿನ ಕಿಟಕಿಯ ಹಿಂದೆ ಕೂತ ಟೆಕ್ನಿಷಿಯನ್ ಹುಡುಗಿ ಆ ಕನ್ನಡಿಯಲ್ಲಿ ಕಾಣುತ್ತಾಳೆ. ಹಲಗೆ ಕೊಳವೆಯೊಳಗೆ ಸರಿಯುತ್ತದೆ. ಯಂತ್ರ ತಗಡು ಬಡಿದಂತೆ ಸದ್ದು ಮಾಡತೊಡಗುತ್ತದೆ. ಒಳಗಿನವರ ಹೆಬ್ಬೆರಳೂ ಅಲುಗುವುದಿಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ ಇವರು ಕಲ್ಲಜ್ಜ. ರೋಗಿಯಲ್ಲ, ವೈದ್ಯರೂ ಅಲ್ಲ. ಅಲ್ಲಾಡದೆ ಮಲಗುವುದೇ ಇವರ ಕೆಲಸ. ನಗಬೇಡಿ. ನಾನೂ ನಕ್ಕಿದ್ದೆ, ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ಪ್ರಯತ್ನಿಸಿದೆ. ಮೊದಲು ಮೂಗು ತುರಿಸಿತು, ಮತ್ತೆ ಬೆನ್ನು. ಚಹಾ ತಣ್ಣಗಾಗುವಷ್ಟು ಹೊತ್ತೂ ತಡೆಯಲಾಗಲಿಲ್ಲ.

ಈ ಕೆಲಸ ಯಾಕೆ ಬೇಕು ಎಂಬುದನ್ನು ಇಲ್ಲಿ ಮಿದುಳಿನ ಅಧ್ಯಯನ ನಡೆಸುವ ಸಂಶೋಧಕಿ ಬಿಡಿಸಿ ಹೇಳುತ್ತಾರೆ. "ಎಲ್ಲರ ಮಿದುಳಲ್ಲೂ ಭಾಗಗಳು ಅವೇ. ಯಾವುದು ಯಾವುದರ ಜೊತೆ ಎಷ್ಟು ನಂಟು ಇಟ್ಟುಕೊಂಡಿದೆ ಅನ್ನೋದು ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ದೂರದಿಂದ ನಡಿಗೆ ನೋಡಿ ಯಾರು ಅಂತ ಹೇಳ್ತೀವಲ್ಲ, ಹಾಗೆ ಆ ನಂಟಿನ ಚಿತ್ರ ನೋಡಿ ಇದು ಇಂಥವರ ತಲೆ ಅಂತ ಎಷ್ಟೋ ಸಲ ಗುರುತು ಹಿಡೀಬಹುದು." ತೊಂದರೆ ಏನೆಂದರೆ, ಯಂತ್ರಗಳೂ ಒಂದರ ಹಾಗೆ ಒಂದಿರುವುದಿಲ್ಲ. ಕಂಡ ವ್ಯತ್ಯಾಸ ಮನುಷ್ಯರದೋ ಯಂತ್ರದ್ದೋ? ತಕ್ಕಡಿಗಳನ್ನು ಪರೀಕ್ಷಿಸಲು ಒಂದೇ ಕಲ್ಲನ್ನು ಎಲ್ಲದರಲ್ಲೂ ಇಟ್ಟು ನೋಡುತ್ತಾರಲ್ಲ, ಹಾಗೆ ನಾಲ್ಕು ಆಸ್ಪತ್ರೆಗಳ ಯಂತ್ರಗಳಲ್ಲೂ ರೋಗಿಗಳು ಬರುವ ಮೊದಲೇ ಈ ಒಂದೇ ತಲೆಯನ್ನು ಇಟ್ಟು ನೋಡುತ್ತಾರೆ.

ಕದಲದಿರುವುದನ್ನು ಅಜ್ಜ ಕಲಿತದ್ದು ಚಿತ್ರಕಲಾ ಶಾಲೆಯಲ್ಲಿ. ಹರೆಯದಿಂದಲೂ ವಿದ್ಯಾರ್ಥಿಗಳ ಮುಂದೆ ಮಾದರಿಯಾಗಿ ನಿಂತವರು. "ಚಳೀಲಿ ಬರೀ ಮೈಯಲ್ಲಿ ನಿಲ್ಬೇಕಿತ್ತು. ಮಂಡಿ ಹಿಡ್ಕೊಳ್ತಿತ್ತು. ನೋವನ್ನ ಒಂದು ಮೂಲೇಲಿ ಕೂರಿಸಿ, ನೀನು ಅಲ್ಲೇ ಇರಪ್ಪ ಅಂತಿದ್ದೆ" ಎನ್ನುತ್ತಾರೆ. ಶಾಲೆ ಮುಚ್ಚಿದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಇಲ್ಲಿಗೆ ಕರೆತಂದ. ಹನ್ನೆರಡು ವರ್ಷವಾಯಿತು, ಇವರಿಂದಾಗಿ ಒಂದು ಚಿತ್ರವೂ ಕೆಟ್ಟಿಲ್ಲ. ಅವರ ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ, "ಮನೇಲೂ ಹಾಗೇ ಬಿದ್ಕೊಂಡಿರ್ತಾರೆ. ಇಲ್ಲಿ ಸಂಬಳ ಕೊಡೋರಿಲ್ಲ ಅಷ್ಟೆ" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾರೆ.

ಹೋದ ವರ್ಷ ಕಲ್ಲಿನ ತೂಕ ತಪ್ಪಿತು. ನಾಲ್ಕೂ ಕಡೆ ಅಜ್ಜನ ಚಿತ್ರ ಒಂದೇ ರೀತಿಯಲ್ಲಿ ತುಸು ಬದಲಾಗಿ ಬರತೊಡಗಿತು. ಯಂತ್ರಗಳನ್ನು ಬಿಚ್ಚಿ ನೋಡಿದರು, ದೋಷವಿರಲಿಲ್ಲ. ಅಂದರೆ ಬದಲಾಗಿದ್ದು ತಲೆ. ಅಜ್ಜ ಹೆದರಿದರು. "ನಮ್ಮಪ್ಪ ಕೊನೆಗಾಲದಲ್ಲಿ ನನ್ನೇ ನೋಡಿ, ಯಾರಪ್ಪ ನೀನು ಅಂತ ಕೇಳ್ದೋರು. ನನಗೂ ಅದೇ ಬಂತು ಅಂದ್ಕೊಂಡೆ. ಮನೇಲಿ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಎದ್ದು ಒಬ್ಬೊಬ್ಬರ ಮುಖಾನೂ ಒಂದು ಸಲ ನೋಡ್ಕೊಳ್ತಿದ್ದೆ."

ವೈದ್ಯರು ಎಲ್ಲ ಪರೀಕ್ಷೆ ಮಾಡಿ, ಕಾಯಿಲೆಯ ಸುಳಿವಿಲ್ಲ ಎಂದರು. ಕೊನೆಗೆ ಸಂಶೋಧಕಿ ಕೇಳಿದ್ದು, ಹೊಸದಾಗಿ ಏನಾದರೂ ಕಲಿಯುತ್ತಿದ್ದೀರಾ ಎಂದು. ಕಲಿಯುತ್ತಿದ್ದರು. ಮಗಳ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಐದು ವರ್ಷದ ಆ ಮಗು ಶಾಲೆಯಲ್ಲಿ ಕೈಭಾಷೆ ಕಲಿತು ಬಂದು ಹರಟತೊಡಗಿದಾಗ, ಅಜ್ಜನೂ ಅವಳ ಪಕ್ಕ ಕೂತು ಅಕ್ಷರಾಭ್ಯಾಸ ಶುರುಮಾಡಿದ್ದರು. "ಹೊಸದು ಕಲಿತರೆ ಮಿದುಳಿನ ನಂಟುಗಳೂ ಬದಲಾಗಬಹುದು. ಇಲ್ಲಿ ಕಾರಣ ಅದೇ ಅಂತ ನಾನು ಆಣೆ ಮಾಡಲಾರೆ. ಆದರೆ ಈ ಅಧ್ಯಯನ ಮುಗಿಯೋವರೆಗೆ ಒಂದೆರಡು ವರ್ಷ ಆ ಕಲಿಕೆ ನಿಲ್ಲಿಸೋಕಾಗುತ್ತಾ ಅಂತ ಕೇಳಿದೆ. ಕೇಳಬಾರದಿತ್ತು" ಎಂದು ಸಂಶೋಧಕಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಅಜ್ಜ ಒಂದು ದಿನ ಯೋಚಿಸಲು ಕೇಳಿಕೊಂಡರು. ಇಷ್ಟಪಟ್ಟ ಕೆಲಸ, ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದು ಸುಲಭವಲ್ಲ. ಮರುದಿನ ಬಂದು ಹೇಳಿದ್ದಿಷ್ಟು: "ಮೇಡಂ, ಕದಲದೆ ಕೂತ್ರೆ ನಿಮ್ಮ ಪಾಲಿಗೆ ನಾನು ಒಳ್ಳೆ ಕೆಲಸಗಾರ. ಅವಳ ಪಾಲಿಗೆ ಮಾತು ಬಿಟ್ಟ ಅಜ್ಜ. ಮಗು ಕಾಯಲ್ಲ, ಬೆಳೀತಾ ಇರುತ್ತೆ."

ಅಜ್ಜನ ಜಾಗಕ್ಕೆ ಬೇರೊಬ್ಬರು ಸಿಕ್ಕಿದ್ದಾರೆ. ಈ ಬೆಳಗು ಅಜ್ಜನ ಕೊನೆಯ ಪಾಳಿ. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಮಗಳು ಮೊಮ್ಮಗಳನ್ನು ಕರೆತಂದಿದ್ದಾಳೆ. ಮಗು ಕುರ್ಚಿ ಹತ್ತಿ ಗಾಜಿಗೆ ಮೂಗು ಒತ್ತಿ ನಿಂತಿದೆ.

"ಅಜ್ಜ, ಎರಡನೇದು ಶುರುಮಾಡ್ತೀನಿ" ಎಂದು ಟೆಕ್ನಿಷಿಯನ್ ಹುಡುಗಿ ಮೈಕಿನಲ್ಲಿ ಹೇಳುತ್ತಾಳೆ. ಕದಲಬೇಡಿ ಎಂದು ಅವಳು ಇವರಿಗೆ ಯಾವತ್ತೂ ಹೇಳಿದವಳಲ್ಲ. ತಗಡಿನ ಸದ್ದು ಏಳುತ್ತದೆ. ಮಗು ಎರಡೂ ಕೈ ಎತ್ತಿ ಏನೋ ಕೇಳುತ್ತದೆ. ಆಮೇಲೆ ಕೊಳವೆಯ ಬಾಯಲ್ಲಿ, ಹೊಟ್ಟೆಯ ಮೇಲಿದ್ದ ಅಜ್ಜನ ಕೈ ಮೆಲ್ಲಗೆ ಮೇಲೇಳುತ್ತದೆ, ಬೆರಳುಗಳು ಆಡುತ್ತವೆ. ಮಗು ಕುರ್ಚಿಯ ಮೇಲೇ ಕುಣಿಯುತ್ತದೆ. ಪರದೆಯ ಮೇಲೆ ಚಿತ್ರ ಕಲಸಿಹೋಗುತ್ತದೆ. ನಿಲ್ಲಿಸುವ ಗುಂಡಿಯತ್ತ ಹೋದ ಹುಡುಗಿಯ ಕೈ ಅಲ್ಲೇ ನಿಲ್ಲುತ್ತದೆ.

ಹಲಗೆ ಹೊರಗೆ ಬಂದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. "ಏನಜ್ಜ, ಕೊನೇ ದಿನ ಚಿತ್ರ ಕೆಡಿಸಿಬಿಟ್ರಲ್ಲ."

"ಇನ್ನೊಂದು ಸಲ ಮಲಗ್ತೀನಿ ತಾಯಿ, ತೆಗೆದುಕೋ" ಎನ್ನುತ್ತಾ ಅಜ್ಜ ಕಿವಿಯ ಹತ್ತಿ ತೆಗೆಯುತ್ತಾರೆ. "ಒಳಗೆ ಭಯ ಆಗುತ್ತಾ ಅಜ್ಜ ಅಂತ ಕೇಳಿದ್ಲು. ಇಲ್ಲ ಪುಟ್ಟಿ, ಕನ್ನಡೀಲಿ ನೀನು ಕಾಣ್ತಿದ್ದೀಯ ಅಂದೆ."