ಕೆಮ್ಮಣ್ಣು ಮೆತ್ತಿದ ಮೂಗು

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಹೆಸರುಕಾಳು ನೆನೆಹಾಕಿದೆ. ಯಜಮಾನರ ಶರ್ಟಿಗೆ ಗುಂಡಿ ಹಾಕಬೇಕಿತ್ತು, ಆಗಲಿಲ್ಲ. ಶೆಟ್ಟಿಹಳ್ಳಿಯಿಂದ ಆಟೋದಲ್ಲಿ ಕ್ಲಿನಿಕ್ಕಿಗೆ ಬಂದು, ಬಾಗಿಲು ತೆಗೆದು, ಕಸ ಗುಡಿಸಿ, ಭೂತಗನ್ನಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಟ್ಟೆ. ಗುರುವಾರವಾದ್ದರಿಂದ ಡಾಕ್ಟರು ಕುಣಿಗಲ್ಲಿಗೆ ಹೋಗಿದ್ದರು.

ಚರ್ಮದ ಡಾಕ್ಟರ ಹತ್ತಿರ ಚೀಟಿ ಬರೆಯುವುದು ನನ್ನ ಕೆಲಸ. ರೋಗಿಯನ್ನು ಒಳಗೆ ಬಿಡುವ ಮುಂಚೆ ಕೂರಿಸಿಕೊಂಡು, ಕಂಡದ್ದನ್ನು ಬರೆಯಬೇಕು. ಹೆಬ್ಬೂರಿನ ಕಡೆಯಿಂದ ಬಂದವರು ಚಿಬ್ಬು ಅನ್ನುತ್ತಾರೆ, ಇಸುಬು ಅನ್ನುತ್ತಾರೆ, ಹುಳುಕಡ್ಡಿ ಅನ್ನುತ್ತಾರೆ. ಕಾಯಿಲೆಯ ಹೆಸರನ್ನು ಮಾತ್ರ ಡಾಕ್ಟರು ನನ್ನಿಂದ ಬರೆಸುವುದಿಲ್ಲ, ಅದು ಕೊನೆಯಲ್ಲಿ ಅವರದೇ ಕೆಲಸ. ಎಲ್ಲಿದೆ, ಎಷ್ಟಗಲ, ಯಾವ ಬಣ್ಣ, ಅಂಚು ಹೇಗಿದೆ, ಮುಟ್ಟಿದರೆ ಹೇಗಿದೆ, ಇಷ್ಟೇ ನನ್ನ ಪಾಲಿನದು. ಚಪ್ಪಟೆ ಕಲೆಯಾದರೆ ಮ್ಯಾಕ್ಯೂಲ್. ಬೆರಳಿಗೆ ಉಬ್ಬು ಸಿಕ್ಕಿದರೆ ಪ್ಯಾಪ್ಯೂಲ್. ಒಳಗೆ ನೀರಿದ್ದರೆ ವೆಸಿಕಲ್, ಕೀವಿದ್ದರೆ ಪಸ್ಟ್ಯೂಲ್. ಮೊದಮೊದಲು ಇವನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಈಗ ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತು ಕಂಡರೂ ಮನಸ್ಸು ತಾನಾಗಿ ಬರೆದುಕೊಳ್ಳುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಗುಬ್ಬಿಯಿಂದ ಚಿಕ್ಕಮ್ಮ ಬಂದರು. ಅರವತ್ತು ದಾಟಿದೆ, ಇನ್ನೂ ರವಿಕೆ ಹೊಲಿಯುತ್ತಾರೆ. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಇನ್ನೊಬ್ಬರನ್ನು ಕರೆದವರಲ್ಲ. ಅವರ ಜಂಬ ಅಂತ ಇದ್ದರೆ ಅದೊಂದೇ. ಸೆರಗು ತೆಗೆದಾಗ ಮುಖದ ಬಲಭಾಗ ಕೂದಲಿನ ಬುಡದಿಂದ ಮೂಗಿನ ತುದಿಯವರೆಗೆ ಕೆಂಪಗಿತ್ತು. ಸರ್ಪಸುತ್ತು ಎಂದು ಅವರ ಪಕ್ಕದ ಬೀದಿಯ ಕುಂಬಾರರ ಹೆಂಗಸು ಹಿಂದಿನ ದಿನ ಕೆಮ್ಮಣ್ಣು ಮೆತ್ತಿದ್ದಳು. ನಮ್ಮ ಕಡೆ ಅದು ಬಹಳ ಹಿಂದಿನಿಂದ ನಡೆದುಬಂದದ್ದು. ಒಮ್ಮೆ ಮೆತ್ತಿದ ಮೇಲೆ ನೀರು ಮುಟ್ಟಿಸಬಾರದು, ಮೆತ್ತಿದವಳೇ ಬಂದು ತೊಳೆಯಬೇಕು.

ಹಣೆಯ ಮೇಲೆ ಮಣ್ಣು ಒಣಗಿ ಬಿರಿದಿತ್ತು. ಸಂದಿನಲ್ಲಿ ಕಂಡದ್ದನ್ನು ಬರೆದೆ: ಬಲಹಣೆ, ಗುಂಪುಗುಂಪಾಗಿ ವೆಸಿಕಲ್, ಬುಡ ಕೆಂಪು, ಮುಖದ ನಡುಗೆರೆ ದಾಟಿಲ್ಲ. ಚೀಟಿಯಲ್ಲಿ ಮೂಗಿಗೆ ಬೇರೆ ಸಾಲಿದೆ. ಅಲ್ಲಿ ಮಣ್ಣು ದಪ್ಪವಾಗಿತ್ತು. ತೊಳೆಯಿರಿ ಎಂದು ಹಿರಿಯರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಏನೂ ಇಲ್ಲ ಎಂದು ಬರೆದೆ. ಫೋಟೋ ಬೇಡವೆಂದು ಚಿಕ್ಕಮ್ಮ ಮುಖ ಮುಚ್ಚಿಕೊಂಡರು, ಚೀಟಿಯನ್ನಷ್ಟೇ ಫೋನಿನಲ್ಲಿ ಕುಣಿಗಲ್ಲಿಗೆ ಕಳಿಸಿದೆ.

ಡಾಕ್ಟರ ಫೋನು ತಕ್ಷಣ ಬಂತು.

"ಅಕ್ಕಾ, ಮೂಗಿನ ತುದಿ ನೀವು ನೋಡಿದ್ರಾ?"

ಮಣ್ಣಿನ ವಿಷಯ ಹೇಳಿದೆ.

"ಹಂಗಾದ್ರೆ ನೋಡಿಲ್ಲ ಅಂತ ಬರೀಬೇಕಿತ್ತು. ನೀವು ಏನೂ ಇಲ್ಲ ಅಂತ ಬರೆದಿದ್ದೀರಿ. ನಾನು ಮಾತ್ರೆ ಕೊಟ್ಟು, ನಾಳೆ ಬನ್ನಿ ಅಂತಿದ್ದೆ."

ಮೂಗಿನ ತುದಿಗೂ ಕಣ್ಣಿಗೂ ಒಂದೇ ನರ ಬರುತ್ತದಂತೆ. ಅಲ್ಲಿ ಗುಳ್ಳೆ ಎದ್ದಿದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ತಡವಾದರೆ ಕರಿಗುಡ್ಡೆಯ ಮೇಲೆ ಕಲೆ ಬಿದ್ದು ದೃಷ್ಟಿ ಹೋಗಬಹುದು ಎಂದರು.

ಚಿಕ್ಕಮ್ಮನಿಗೆ ಹೇಳಿದೆ. ಅವರು ಜಗ್ಗಲಿಲ್ಲ. "ಹಚ್ಚಿದೋಳೇ ತೊಳೀಬೇಕು ಕಣೇ. ನೀನೇನ್ ಡಾಕ್ಟ್ರಾ? ಬರ್ಕೊಳೋಳು ಬರ್ಕೋ."

ವಾದ ಮಾಡಿ ಪ್ರಯೋಜನವಿರಲಿಲ್ಲ. ಅವರ ಫೋನಿನಲ್ಲೇ ಗುಬ್ಬಿಯ ಆ ಹೆಂಗಸಿನ ನಂಬರು ಹುಡುಕಿ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ಕಣ್ಣಿನ್ ಇಚಾರ ಅಂದ್ರೆ ತೊಳ್ದ್ ಬುಡ್ರವ್ವ. ನನ್ ಮಣ್ಣೇನ್ ಚಿನ್ನವಾ? ಗುಬ್ಬೀಲಿ ಬೇಕಾದಷ್ಟೈತೆ."

ಚಿಕ್ಕಮ್ಮ ಮುಖವನ್ನು ನನ್ನ ಕಡೆ ತಿರುಗಿಸಿದರು.

ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಮಣ್ಣು ಕರಗಿ ಇಳಿಯಿತು. ಮೂಗಿನ ತುದಿಯಲ್ಲಿ, ಬಲಕ್ಕೆ, ಸಾಸಿವೆಯಷ್ಟರ ಎರಡು ವೆಸಿಕಲ್ ಇದ್ದವು. ಮೊದಲು ಬರೆದದ್ದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಇದನ್ನು ಬರೆದು ಸಹಿ ಹಾಕಿದೆ. ಹೊಡೆದುಹಾಕಿದ್ದು ಓದಲು ಬರುವಂತೆಯೇ ಇರಬೇಕು ಎಂಬುದು ನಮ್ಮಲ್ಲಿನ ಕ್ರಮ. ಓದಲು ಬರುತ್ತಿತ್ತು.

ತಿದ್ದಿದ ಚೀಟಿ ನೋಡಿ ಡಾಕ್ಟರು ಫೋನಿಗೆ ಬರೆದು ಕಳಿಸಿದ ಮಾತ್ರೆಯನ್ನು ಕೆಳಗಿನ ಮೆಡಿಕಲ್ಲಿನಿಂದ ತಂದು ಅಲ್ಲೇ ನುಂಗಿಸಿ, ಕ್ಲಿನಿಕ್ಕಿಗೆ ಬೀಗ ಹಾಕಿ, ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ಬಲಗಣ್ಣಿಗೆ ಹಳದಿ ಬಣ್ಣ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರು. ಕರಿಗುಡ್ಡೆ ಇನ್ನೂ ಶುದ್ಧವಾಗಿದೆ, ಆದರೆ ಒಂದು ವಾರ ಬಿಡದೆ ತೋರಿಸಬೇಕು, ಪಾಪೆ ಹಿಗ್ಗಲು ಬಿಟ್ಟ ಹನಿಯಿಂದ ಇವತ್ತು ಹತ್ತಿರದ್ದು ಮಂಜಾಗಿ ಕಾಣುತ್ತದೆ ಎಂದರು. ಚಿಕ್ಕಮ್ಮ ನಮ್ಮ ಮನೆಯಲ್ಲೇ ಉಳಿಯುವುದೆಂದಾಯಿತು.

ಮನೆಗೆ ಬಂದು ಕೂತವರು ಗುಂಡಿ ಇಲ್ಲದ ಶರ್ಟು ನೋಡಿ ಸೂಜಿ ದಾರ ಕೇಳಿದರು. ಎಡಗಣ್ಣನ್ನು ಮುಚ್ಚಿಕೊಂಡು ಬಲಗಣ್ಣಿನಲ್ಲೇ ಪೋಣಿಸಲು ನೋಡಿದರು. ಎರಡು ಸಲ ದಾರ ಪಕ್ಕಕ್ಕೆ ಹೋಯಿತು. ಹನಿ ಬಿಟ್ಟಿದ್ದಾರಲ್ಲ ಎಂದೆ. ಅವರು ಸೂಜಿಯನ್ನು ಶರ್ಟಿನ ಕಾಲರಿಗೇ ಚುಚ್ಚಿಟ್ಟರು.

"ನಾಳೆ ನೋಡಾನ ಬುಡು. ಗುಂಡಿ ನೀನ್ ಹಾಕ್ಬ್ಯಾಡ."

ನಾನು ಹಾಕಲಿಲ್ಲ.

ನಾನೂ ಯಜಮಾನರೂ ಮುದ್ದೆ, ಹೆಸರುಕಾಳಿನ ಸಾರು ಉಂಡೆವು. ಸರ್ಪಸುತ್ತಿಗೆ ಒಗ್ಗರಣೆ ಆಗದು ಎಂದು ಚಿಕ್ಕಮ್ಮ ಬರೀ ಮಜ್ಜಿಗೆ ಅನ್ನ ಉಂಡರು. ನಾನು ಕಣ್ಣಿನ ಹನಿ ಹಾಕಿದ ಮೇಲೆ ಅವರು ಎಡಕ್ಕೆ ತಿರುಗಿ ಮಲಗಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.