ಮೊಸರನ್ನದ ನಾಯಿ

ಎಂಬತ್ತರ ದಶಕದ ಕೊನೆಯ ವರ್ಷಗಳೆಲ್ಲ ನನಗೆ ಮುಂಬಯಿಯ ವಿಲೆ ಪಾರ್ಲೆಯಿಂದ ಗೋರೆಗಾಂವ್‌ನ ಲ್ಯಾಬಿಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡು ಹೋಗಿಬಂದದ್ದರಲ್ಲೇ ಕಳೆದವು. ನಾಯಿಗಳಿಗೆ ಹುಚ್ಚು, ಅಂದರೆ ರೇಬಿಸ್, ಬರದಂತೆ ಲಸಿಕೆ ಮಾಡುವುದು ನಮ್ಮ ಕೆಲಸ. ಸಿಡುಬಿನ ಲಸಿಕೆಯ ವೈರಸ್ಸಿಗೆ ರೇಬಿಸ್‌ನ ಒಂದು ಜೀನ್ ಸೇರಿಸಿ, ಅದನ್ನು ಬೀದಿನಾಯಿಗಳಿಗೆ ತಿನ್ನಿಸಬೇಕು. ಸೂಜಿ ಬೇಡ, ನಾಯಿ ಹಿಡಿಯುವುದೂ ಬೇಡ. ಹೇಳುವುದಕ್ಕೆ ಇಷ್ಟೇ. ಇನ್‌ಕ್ಯುಬೇಟರ್ ಕೆಟ್ಟರೆ ತಿಂಗಳುಗಟ್ಟಲೆ ಬೆಳೆಸಿದ್ದು ಹಾಳು, ಮತ್ತೆ ಮೊದಲಿನಿಂದ. ನನಗೆ ಸಾಕಾಗಿಹೋಗಿತ್ತು.

ಆದರೂ ಬಿಡದೆ ಹೋಗುತ್ತಿದ್ದದ್ದು ನಮ್ಮ ಬಿಲ್ಡಿಂಗಿನ ಕಂದು ನಾಯಿಗಾಗಿ. ನನ್ನ ಅತ್ತೆ ದಿನಾ ಅನ್ನ ಹಾಕುತ್ತಿದ್ದರೂ ಅದು ಯಾರ ಕೈಗೂ ಸಿಗದು. ಲಸಿಕೆ ಹಾಕಿಸುವುದೆಲ್ಲಿಂದ ಬಂತು? ಯಾರಾದರೂ ದೂರು ಕೊಟ್ಟರೆ ನಾಯಿ ಹಿಡಿಯುವ ಗಾಡಿ ಬರುತ್ತಿತ್ತು. ಅದರಲ್ಲಿ ಹೋದ ನಾಯಿಗಳನ್ನು ಕೊಂದುಬಿಡುತ್ತಿದ್ದರು.

ನಮ್ಮ ಲಸಿಕೆಯನ್ನು ಲ್ಯಾಬಿನಿಂದ ಹೊರಗೆ ತರಲು ಅನುಮತಿ ಸಿಕ್ಕಿರಲಿಲ್ಲ. ಮುಂದೆ ಲಸಿಕೆ ತುಂಬಲಿದ್ದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವನ್ನು ನಾಯಿಗಳು ಕಚ್ಚುತ್ತವೆಯೋ ಇಲ್ಲವೋ ಎಂದಷ್ಟೇ ನೋಡಲು ಅದರಲ್ಲಿ ಗುಲಾಬಿ ಬಣ್ಣದ ನೀರು ತುಂಬಿ, ಸುತ್ತ ಮೀನಿನ ಪುಡಿ ಮೆತ್ತಿದ್ದೆವು. ಬಾಯಿ ಗುಲಾಬಿಯಾದರೆ ಕಚ್ಚಿದೆ ಎಂದರ್ಥ. ನಾನು ಅವನ್ನು ತಂದ ಚೀಲ ಮೀನು ನಾರುತ್ತದೆಂದು ಅತ್ತೆ ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ನಾಯಿಯೂ ಮೂಸಿ ನೋಡಿ ದೂರ ಹೋಯಿತು.

"ಮೊಸರನ್ನ ತಿಂದು ಬೆಳೆದದ್ದು ಕಣೆ. ಮೀನು ಹೇಗೆ ಹಿಡಿಸುತ್ತೆ?" ಎಂದ ಅತ್ತೆ, ಒಂದು ಪೊಟ್ಟಣವನ್ನು ನನ್ನಿಂದಲೇ ತೊಳೆಸಿ ಮೊಸರನ್ನದ ಉಂಡೆಯೊಳಗೆ ಇಟ್ಟರು. ನಾಯಿ ಒಂದೇ ಬಾಯಿಗೆ ಕಚ್ಚಿತು. ಗುಲಾಬಿ ನಾಲಿಗೆ ಕಂಡು ನನಗೆ ಎಷ್ಟೋ ವರ್ಷಗಳ ನಂತರ ನಿಜವಾಗಿ ಖುಷಿಯಾಯಿತು. ಲ್ಯಾಬಿನವರಿಗೆ ಸುದ್ದಿ ಹೇಳಲು ರೈಲ್ವೆ ಸ್ಟೇಷನ್ನಿಗೆ ಓಡಿದೆ. ಲ್ಯಾಬಿನಲ್ಲಿ ಚಹಾ ತರಿಸಿದರು.

ಸಂಜೆ ಬಂದಾಗ ಅತ್ತೆ ನಾಯಿಯ ಅನ್ನದ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ನಾಯಿಯ ಬಾಯಿಂದ ಮೊಸರಿನ ಜೊತೆ ಬಣ್ಣ ಸುರಿಯುವುದನ್ನು ಕೆಳಗಿನ ಮನೆಯವರು ನೋಡಿ, ರಕ್ತದ ನೊರೆ ಎಂದುಕೊಂಡು, ಹುಚ್ಚುನಾಯಿ ಎಂದು ಫೋನ್ ಮಾಡಿದ್ದರು. ಗಾಡಿ ಬಂದು ನಾಯಿಯನ್ನು ಬಲೆಯಲ್ಲಿ ಹಿಡಿದುಕೊಂಡು ಹೋಗಿತ್ತು.

"'ದವಾ ಹೈ, ಹಮಾರಾ ಬಹೂ ದಿಯಾ' ಅಂತ, ನಮ್ಮ ಸೊಸೆ ಕೊಟ್ಟ ಔಷಧ ಅಂತ ಬಡಕೊಂಡೆ. ಯಾರೂ ಕೇಳಲಿಲ್ಲ," ಎಂದರು ಅತ್ತೆ. "ಔಷಧ ಹಾಕಿದ ಮೇಲೆ ಅದಕ್ಕೆ ಹುಚ್ಚು ಹೇಗೆ ಬರುತ್ತೆ?"

"ಅದು ಬರೀ ಬಣ್ಣದ ನೀರಮ್ಮ."

ಅತ್ತೆ ತಟ್ಟೆ ಕೆಳಗಿಟ್ಟರು. "ಮತ್ತೆ ಔಷಧ ಎಲ್ಲಿದೆ?"

"ಲ್ಯಾಬಿನ ಫ್ರೀಜರಿನಲ್ಲಿ."

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನನಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಮರುದಿನ ಅದೇ ಲೋಕಲ್ ಹಿಡಿದು ಲ್ಯಾಬಿಗೆ ಹೋದೆ. ಮೊಸರನ್ನದ ಉಂಡೆಯಲ್ಲಿ ಎಷ್ಟು ದೊಡ್ಡ ಪೊಟ್ಟಣ ಹಿಡಿಸುತ್ತದೆ ಎಂದು ಅಳೆಯಬೇಕಿತ್ತು.