ಫುಕಟ ವಾಚಿನ ಬೆನ್ನು ಹತ್ತಿ ಹುಕ್ಕೇರಿಗೆ

ನಮ್ಮತ್ತೆಗೆ ಫೋನಿನಲ್ಲಿ ಮಾತಾಡುವವರ ಮೇಲೆ ಮೊದಲಿನಿಂದಲೂ ಒಂದು ಬಗೆಯ ಪ್ರೀತಿ. ಸಾಲ ಬೇಕೇ ಎಂದು ಕೇಳುವವರಿರಲಿ, ಬೆಂಗಳೂರಿನಲ್ಲಿ ಸೈಟು ಕೊಳ್ಳಿ ಎನ್ನುವವರಿರಲಿ, ಅತ್ತೆ ಮೊದಲು ಅವರಿಗೆ ಊಟವಾಯಿತೇ ಎಂದು ವಿಚಾರಿಸುತ್ತಾರೆ. ಹಾಗಾಗಿ ಆ ಮಧ್ಯಾಹ್ನ ಪಡಸಾಲೆಯಲ್ಲಿ ಅವರು ಯಾರೊಂದಿಗೋ ಫೋನಿನಲ್ಲಿ ನಗುತ್ತ ಮಾತಾಡುತ್ತಿದ್ದರೂ ನಾನು ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ. ಮದುವೆ ಸುಗ್ಗಿ ಬೇರೆ; ನಮ್ಮೂರು ಮೂಡಲಗಿಯ ಅರ್ಧ ಹೆಂಗಸರ ಜಂಪರುಗಳು ನನ್ನ ಮುಂದೆ ಬಿದ್ದಿದ್ದವು.

ಫೋನು ಇಟ್ಟವರೇ ನನ್ನ ಹತ್ತಿರ ಬಂದು ಕೂತರು.

"ಟಿವಿ ಕಂಪನಿ ಹುಡುಗಿ. ಭಾಳ ಚಲೋ ಮಾತಾಡತಾಳ. ನಮ್ಮ ಡಿಶ್ಶಿಂದು ವರ್ಷ ಮುಗಿಯಾಕ ಬಂದೈತಂತ. ಈಗ ಮತ್ತ ಒಂದ್ ವರ್ಷಕ್ಕ ರೊಕ್ಕ ಕಟ್ಟಿದ್ರ ಒಂದು ವಾಚು ಫುಕಟ ಕೊಡತಾರಂತ. ಕೈಯಾಗ ಕಟ್ಟಿಕೊಂಡ್ರ ನಾಡಿ ನೋಡಿ ಹೇಳತೈತಂತ."

"ಚಾನಲ್ ಎಲ್ಲಾ ಮೊದಲಿನಂಗ ಇರತಾವೇನು ಅಂತ ಕೇಳಿದ್ರೇನ್ರಿ ಅತ್ತಿ?"

"ಕೇಳದ ಬಿಡತೇನೇನು? 'ಎಲ್ಲಾ ಹಾಗೇ ಮುಂದುವರಿಯುತ್ತೆ ಅಮ್ಮಾ' ಅಂದಳು. ಅಮ್ಮಾ ಅಂತ ಕರದಳ ನೋಡು!"

ಮೂರ್ನಾಲ್ಕು ದಿನಕ್ಕೆ ಬೈಕಿನ ಮೇಲೆ ಒಬ್ಬ ಬಂದು ರೊಕ್ಕ ಎಣಿಸಿಕೊಂಡು, ಒಂದು ಚಿಕ್ಕ ಡಬ್ಬಿ ಕೊಟ್ಟು ಹೋದ. ಒಳಗೆ ಕರಿಯ ವಾಚು. ಅತ್ತೆ ಅದನ್ನು ಹಸಿರು ಬಳೆಗಳ ಹಿಂದೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತರು. ಓಣಿಯವರೆಲ್ಲ ಸರದಿಯಲ್ಲಿ ಬಂದು ಕೈ ಚಾಚಿದರು. ಎಲ್ಲರಿಗೂ ಎಪ್ಪತ್ತೆರಡು ಬಂತು. ದಮ್ಮಿನ ಕಾಯಿಲೆಯ ಅಜ್ಜನಿಗೂ ಎಪ್ಪತ್ತೆರಡು, ಆಗಷ್ಟೇ ಗಂಡನೊಂದಿಗೆ ಜಗಳಾಡಿ ಬಂದವಳಿಗೂ ಎಪ್ಪತ್ತೆರಡು.

"ನಮ್ಮ ಓಣಿ ಮಂದಿ ಗಟ್ಟಿ ಅದಾರ," ಎಂದರು ಅತ್ತೆ ಹೆಮ್ಮೆಯಿಂದ.

ಬಾಜೂ ಮನೆಯ ಚಾಚಿಗೆ ಮಾತ್ರ ಸಂಶಯ ಬಂತು. ಚಾಚಿಯವರದು ಗಾದಿ ಹೊಲಿಯುವ ಮನೆತನ. ಹತ್ತಿ ಒಳಗೆ ಏನು ಬೆರೆಸಿದ್ದಾರೆಂದು ಮೇಲಿನಿಂದ ಮುಟ್ಟಿಯೇ ಹೇಳುವ ಹೆಂಗಸು. ಅವರು ನಮ್ಮ ಅಡುಗೆ ಮನೆಯಿಂದ ಒಂದು ಸವತಿಕಾಯಿ ತಂದು ಅದಕ್ಕೆ ವಾಚು ಕಟ್ಟಿದರು. ವಾಚು ಕೊಂಚ ಯೋಚಿಸಿ, ಹಸಿರು ದೀಪ ಮಿಣುಕಿಸಿ, ಎಪ್ಪತ್ತೆರಡು ಎಂದಿತು.

"ಸವತಿಕಾಯಿಗೂ ಏನೂ ಬ್ಯಾನಿ ಇಲ್ಲಕ್ಕಾ. ಅರಾಮ ಐತಿ," ಎಂದರು ಚಾಚಿ.

ಅತ್ತೆ ಒಂದು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ, ಹೇಗೂ ಫುಕಟ ಬಂದದ್ದು, ಟೈಮಾದರೂ ತೋರಿಸುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆಗ ಅತ್ತೆ ಮತ್ತು ಚಾಚಿ ನೋಡುತ್ತಿದ್ದ ಧಾರಾವಾಹಿಯಲ್ಲಿ ನಾಯಕಿ ಮೆಟ್ಟಿಲ ಮೇಲಿಂದ ಬಿದ್ದು, ತಲೆಗೆ ಪಟ್ಟಿ ಕಟ್ಟಿಸಿಕೊಂಡು, ಆಸ್ಪತ್ರೆಯಲ್ಲಿ ಮಲಗಿದ್ದಳು. ಬಹಳ ದಿನದಿಂದ ಮಲಗಿದ್ದಳು. ನಮ್ಮ ಹಳೆಯ ಚಂದಾ ಮುಗಿದ ಮರುದಿನ ಸಂಜೆ ಅವಳು ಕಣ್ಣು ತೆರೆಯುವ ಲಕ್ಷಣ ಇತ್ತು. ಚಾಚಿ ನಮಾಜು ಮುಗಿಸಿ, ಕೈಯಲ್ಲಿ ಶೇಂಗಾದ ತಟ್ಟೆ ಹಿಡಿದು ಬಂದು ಕೂತರು. ಅತ್ತೆ ರಿಮೋಟು ಒತ್ತಿದರು. ಪರದೆಯ ಮೇಲೆ 'ಈ ಚಾನಲ್‌ಗೆ ನೀವು ಚಂದಾದಾರರಾಗಿಲ್ಲ' ಎಂದು ಬಂತು. ಮುಂದಿನ ಚಾನಲ್ಲಿಗೂ ಅದೇ. ಚಾಚಿ ನೋಡುವ ಮರಾಠಿ ಚಾನಲ್ಲಿಗೂ ಅದೇ. ಒತ್ತುತ್ತ ಒತ್ತುತ್ತ ಕೊನೆಗೆ ಒಂದು ಕಡೆ ಚಿತ್ರ ಮೂಡಿತು. ಯಾವುದೋ ಸಮುದ್ರದಲ್ಲಿ ಇಬ್ಬರು ಬಿಳಿಯರು ದೋಣಿಯ ಮೇಲೆ ನಿಂತು ಮೀನು ಹಿಡಿಯುತ್ತಿದ್ದರು.

ನಮ್ಮತ್ತೆ ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವವರು. "ಇದೇನ ನಮ್ಮ ಹಣೇಬಾರ!" ಎಂದು ಸೆರಗು ಅಡ್ಡ ಹಿಡಿದರು.

ಚಾಚಿ ಶೇಂಗಾ ಬಿಡಿಸುತ್ತ, "ಮೀನು ಚಲೋ ದೊಡ್ಡದೈತಿ," ಎಂದರು.

ಮರುದಿನ ನಾನು ಕಂಪನಿಗೆ ಫೋನು ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಎಲ್ಲ ಒತ್ತಿಸಿದ ಮೇಲೆ ಸಂಗೀತ ಶುರುವಾಯಿತು. ನಡುನಡುವೆ ಒಂದು ಹೆಣ್ಣುದನಿ 'ನಿಮ್ಮ ಕರೆ ನಮಗೆ ಅತ್ಯಮೂಲ್ಯ, ದಯವಿಟ್ಟು ಕಾಯಿರಿ' ಎನ್ನುತ್ತಿತ್ತು. ಸ್ಪೀಕರಿನಲ್ಲಿ ಕೇಳುತ್ತಿದ್ದ ಅತ್ತೆ ಪ್ರತಿ ಸಲವೂ, "ಇರಲಿ ತಗೊಳವಾ, ಕಾಯತೇವಿ," ಎಂದು ಉತ್ತರ ಕೊಡುತ್ತಿದ್ದರು. ನಾನು ಎರಡು ತೋಳು ಹೊಲಿದು ಮುಗಿಸುವ ಹೊತ್ತಿಗೆ ನಿಜವಾದ ಮನುಷ್ಯರೊಬ್ಬರು ಸಿಕ್ಕು, ನಮ್ಮ ಭಾಗದ ಡೀಲರನ್ನು ಕಾಣಿ ಎಂದು ಹೇಳಿ ಫೋನು ಇಟ್ಟರು.

ನನ್ನ ಗಂಡ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದವರು, "ಬಿಡ್ರಿ ಅತ್ಲಾಗ, ಒಂದು ಸೀರಿಯಲ್ ಸಲುವಾಗಿ," ಎಂದರು. ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು.

ಹೀಗೆ ಅತ್ತೆ, ಚಾಚಿ ಮತ್ತು ನಾನು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಮೊದಲು ಗೋಕಾಕಕ್ಕೆ. ನಮ್ಮ ಮನೆಗೆ ಡಿಶ್ ಹಾಕಿದ ಅಂಗಡಿ ಇರುವುದು ಅಲ್ಲಿ. ಅಂಗಡಿಯವನು ನಮ್ಮನ್ನು ನೋಡಿದ ಕೂಡಲೇ ಚಹಾ ತರಿಸಿದ. ಚಹಾ ತರಿಸಿದಾಗಲೇ ಕೆಲಸ ಆಗುವುದಿಲ್ಲವೆಂದು ನನಗೆ ತಿಳಿಯಿತು.

"ನಾವು ಬರೇ ಮಾಳಗಿ ಮ್ಯಾಲೆ ಛತ್ರಿ ಕೂಡಸವರ್ರಿ, ಅಮ್ಮಾರ. ಒಳಗ ಏನ್ ಕಾಣಸ್ತೈತಿ ಅನ್ನೂದು ನಮ್ಮ ಕೈಯಾಗಿಲ್ಲ. ಹುಕ್ಕೇರಿಗೆ ಹೋಗ್ರಿ, ಡೀಲರ್ ಆಫೀಸು ಅಲ್ಲೈತಿ."

ಹುಕ್ಕೇರಿಯ ಆಫೀಸು ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಅತ್ತೆಯ ವಾಚು ಎಪ್ಪತ್ತೆರಡೇ ತೋರಿಸುತ್ತಿತ್ತು, ಅತ್ತೆ ಮಾತ್ರ ಏದುಸಿರು ಬಿಡುತ್ತಿದ್ದರು. ಒಳಗೆ ಕೌಂಟರಿನಲ್ಲಿ ಒಬ್ಬ ಹುಡುಗಿ, ಗಾಜಿನ ಆಚೆ ಮ್ಯಾನೇಜರು. ಮ್ಯಾನೇಜರು ಒಳ್ಳೆಯ ಮನುಷ್ಯನಂತೆಯೇ ಕಂಡರು. ಕುರ್ಚಿ ಹಾಕಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು, ಕಂಪ್ಯೂಟರು ನೋಡಿದರು.

"ನೋಡ್ರಿ ಅಮ್ಮಾರ, ವಾಚು ಫ್ರೀ ಅಂದದ್ದು ಖರೇ. ಚಾನಲ್ ಮುಂದುವರೀತಾವ ಅಂದದ್ದೂ ಖರೇ. ಆದ್ರ ಎರಡೂ ಕೂಡೇ ಅಂತ ಯಾರೂ ಅಂದಿಲ್ಲ. ವಾಚು ಬರೂ ಪ್ಯಾಕಿನ್ಯಾಗ ಆ ಚಾನಲ್ ಬರೂದಿಲ್ಲ."

ಅತ್ತೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

"ತಮ್ಮಾ, ನಿನ್ನ ಊಟಕ್ಕ ಕರದು, ಅನ್ನಾನೂ ಐತಿ, ಸಾರೂ ಐತಿ ಅಂತೇನಿ. ನೀ ಬಂದು ಎಲಿ ಮುಂದ ಕುಂತ ಮ್ಯಾಲೆ, ಎರಡೂ ಕೂಡೇ ನೀಡತೇನಿ ಅಂತ ಅಂದಿಲ್ಲಲಾ ಅಂದ್ರ ನಿನಗ ಹೆಂಗ ಆಗತೈತಿ?"

ಕೌಂಟರಿನ ಹುಡುಗಿ ಫಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದಳು. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು.

"ಆದ್ರೂ ವಾಚು ನೋಡ್ರಲಾ ಎಂಥಾದ್ದು! ನಾಡಿ, ಬಿಪಿ ಎಲ್ಲಾ ಕರೆಕ್ಟ್ ಹೇಳತೈತಿ."

ಚಾಚಿ ಇದಕ್ಕೇ ಕಾಯುತ್ತಿದ್ದವರಂತೆ ಚೀಲದೊಳಗೆ ಕೈ ಹಾಕಿ, ಬುತ್ತಿಯ ಜೊತೆ ತಂದಿದ್ದ ಸವತಿಕಾಯಿ ತೆಗೆದು ಮೇಜಿನ ಮೇಲಿಟ್ಟರು. "ಹಂಗಾರ ಇದರ ಬಿಪಿ ಎಷ್ಟೈತಿ ನೋಡಿ ಹೇಳ್ರಿ ಸಾಹೇಬ್ರ."

ಅತ್ತೆಯ ಕೈಯಿಂದ ಬಿಚ್ಚಿ ಕಟ್ಟಿದ ವಾಚು ಸವತಿಕಾಯಿಗೂ ಬಿಪಿ ತೋರಿಸಿದ ಮೇಲೆ ಮ್ಯಾನೇಜರ ಮುಖ ಕೆಂಪಾಯಿತು. ಇದು ತಮ್ಮ ಕೈಲಾಗುವ ಮಾತಲ್ಲ, ದೊಡ್ಡ ಆಫೀಸು ಸಂಕೇಶ್ವರದಲ್ಲಿದೆ, ಅಲ್ಲಿಗೇ ಹೋಗಬೇಕು ಎಂದರು.

"ಮೂಡಲಗಿಯಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ. ನಾವು ಬಂದದ್ದು ಸಾಕು. ಸಂಕೇಶ್ವರಕ್ಕ ನೀವ ಹೋಗಿ ಬರ್ರಿ, ನಾವು ಇಲ್ಲೇ ಕುಂತಿರತೇವಿ," ಎಂದು ಅತ್ತೆ ಬಾಗಿಲ ಬಾಜೂಕಿನ ಬೆಂಚಿನ ಮೇಲೆ ಹೋಗಿ ಕೂತೇಬಿಟ್ಟರು. ಸಿಟ್ಟಿನಿಂದಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕೂರುವ ಹಾಗೆ, ಕಾಲು ಮಡಿಚಿಕೊಂಡು. ಚಾಚಿ ಪಕ್ಕದಲ್ಲಿ ಬುತ್ತಿ ಬಿಚ್ಚಿದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಹಸಿವೂ ಆಗಿತ್ತು, ನಾನೂ ಕೂತೆ.

ಆಗ ನಿಡಸೋಸಿಯ ಕಡೆಯಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಮೆಟ್ಟಿಲು ಹತ್ತಿ ಬಂತು. ಅತ್ತೆ ಅವರಿಗೆ ಜಾಗ ಬಿಟ್ಟು, ರೊಟ್ಟಿ ಮುಂದೆ ಹಿಡಿದು, "ನಿಮಗೂ ವಾಚು ಫುಕಟ ಅಂದಾರೇನು?" ಎಂದು ಕೇಳಿದರು.

"ಹೌದ್ರಿ ಅಮ್ಮಾರ."

"ತಗೊಳ್ರಿ, ತಗೊಳ್ರಿ. ಮನ್ಯಾಗ ಮೀನು ಹಿಡಿಯೂದು ನೋಡೂ ರೂಢಿ ಐತೇನು? ಇದ್ರ ಭಾಳ ಅನುಕೂಲ."

ಮುಂದಿನದನ್ನು ಚಾಚಿ ವಿವರಿಸಿದರು. ಗಂಡ ತೆಗೆದ ಪಾಕೀಟು ಹಾಗೇ ಜೇಬಿಗೆ ಹೋಯಿತು. ಅವರಾದ ಮೇಲೆ ಬಂದ ಟ್ರ್ಯಾಕ್ಟರಿನ ಮಾಲಕನಿಗೂ ಅತ್ತೆ ಅಷ್ಟೇ ಪ್ರೀತಿಯಿಂದ ರೊಟ್ಟಿ ಕೊಟ್ಟು ಅದನ್ನೇ ಕೇಳಿದರು. ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಗಾಜಿನ ಆಚೆ ಮ್ಯಾನೇಜರು ಎದ್ದು ನಿಲ್ಲುತ್ತಿದ್ದರು, ಕೂರುತ್ತಿದ್ದರು.

ಇಷ್ಟರಲ್ಲಿ ಕೌಂಟರಿನ ಹುಡುಗಿ ತಡೆಯಲಾರದೆ ಮೆಲ್ಲಗೆ ಕೇಳಿದಳು: "ಅಮ್ಮಾರ, ನೀವು ನೋಡೂ ಸೀರಿಯಲ್ ಮೆಟ್ಟಲ ಮ್ಯಾಲಿಂದ ಬೀಳತಾಳಲ್ರಿ, ಅದೇನ್ರಿ?"

"ಹೌದವ್ವಾ! ಕಣ್ಣ ತೆರದಳೇನು?"

"ತೆರದಳ್ರಿ! ಆದ್ರ ಗಂಡನ್ನ ನೋಡಿ, ನೀ ಯಾರು ಅಂದಳ್ರಿ."

"ಅಯ್ಯ ನನ ಶಿವನ!" ಎಂದರು ಅತ್ತೆ. "ಯಾ ಅಲ್ಲಾ!" ಎಂದರು ಚಾಚಿ. ಟ್ರ್ಯಾಕ್ಟರಿನ ಮಾಲಕ ಕೂಡ, ಇದೆಲ್ಲ ಅತ್ತಿಗೆಯ ಕಿತಾಪತಿ, ಅವಳೇ ಎಣ್ಣೆ ಚೆಲ್ಲಿದ್ದು ಎಂದು ತನ್ನ ಅಭಿಪ್ರಾಯ ಸೇರಿಸಿದ. ನಾಲ್ವರೂ ಕೌಂಟರಿಗೆ ಒರಗಿ ನಿಂತು ಆ ಮನೆತನದ ನ್ಯಾಯ ಬಗೆಹರಿಸತೊಡಗಿದರು. ಕೌಂಟರಿನ ಕೆಲಸ ನಿಂತೇಹೋಯಿತು.

ಮ್ಯಾನೇಜರು ಹೊರಗೆ ಬಂದರು. "ಆತ್ರಿ ಅಮ್ಮಾರ. ಹಳೇ ಪ್ಯಾಕ್ ಹಾಕಸ್ತೇನಿ, ಇದ ರೊಕ್ಕದಾಗ. ವಾಚು ಇಲ್ಲಿ ಕೊಡ್ರಿ, ಹೋಗ್ರಿ."

"ವಾಚ್ಯಾಕ ಕೊಡ್ಲಿ? ಫುಕಟ ಅಂದಿದ್ರಲಾ?"

"ಅಲ್ರೀ, ಅದು ಸವತಿಕಾಯಿ ನಾಡಿ ತೋರಸೂ ವಾಚು ಅಂತ ನೀವ ಹೇಳಿದ್ರಿ. ಅದನ್ನ ಇಟ್ಕೊಂಡು ಏನ್ ಮಾಡತೀರಿ?"

"ಅದು ಕೆಲಸ ಮಾಡತೈತೋ ಬಿಡತೈತೋ, ಆ ಮಾತು ಬ್ಯಾರೆ. ಕೊಡತೇನಿ ಅಂದವರು ನೀವ."

ಮ್ಯಾನೇಜರು ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎನ್ನುವಂತೆ. ನಾನು ಬುತ್ತಿಯ ಡಬ್ಬಿ ಮುಚ್ಚುವುದರಲ್ಲಿ ಮಗ್ನಳಾದೆ. ಮನಸ್ಸಿನಲ್ಲಿ ನಾನೂ ಅತ್ತೆಯ ಕಡೆಗೇ ಇದ್ದೆ. ಮ್ಯಾನೇಜರು ಕೈ ಮುಗಿದರು. ಅದು ನಮಸ್ಕಾರವೋ, ಸಾಕುಮಾಡಿ ಎನ್ನುವುದೋ ತಿಳಿಯಲಿಲ್ಲ. ಹುಡುಗಿ ಕೂತು ಪಟಪಟನೆ ಕೀಲಿ ಒತ್ತಿ, ಸಂಜೆಯೊಳಗೆ ಎಲ್ಲ ಚಾನಲ್ ಬರುತ್ತವೆ ಎಂದು ಹೇಳಿದಳು.

ಬಸ್ಸಿನಲ್ಲಿ ಅತ್ತೆ ಮತ್ತು ಚಾಚಿ ಮುಂದಿನ ಸೀಟಿನಲ್ಲಿ ಕೂತು, ನೆನಪು ಹೋದವಳಿಗೆ ಗಂಡನೇ ಹೋಗಿ ಮತ್ತೆ ಹೆಣ್ಣು ಕೇಳಬೇಕೋ ಬೇಡವೋ ಎಂದು ಗೋಕಾಕದವರೆಗೂ ವಾದ ಮಾಡಿದರು. ನಾನು ಕಿಟಕಿಗೆ ತಲೆಯಾನಿಸಿ, ಮರುದಿನ ಕೊಡಬೇಕಾದ ಜಂಪರುಗಳನ್ನು ನೆನೆಯುತ್ತಿದ್ದೆ. ಮೂಡಲಗಿ ಮುಟ್ಟಿದಾಗ ದೀಪ ಹತ್ತಿದ್ದವು. ಟಿವಿ ಹಚ್ಚಿದರೆ, ಹುಡುಗಿ ಹೇಳಿದಂತೆ ಚಾನಲ್ ಬಂದಿತ್ತು. ಅತ್ತೆ ಗೋಡೆಗೊರಗಿ ಕಾಲು ನೀಡಿ ಕೂತರು. ಜಾಹೀರಾತು ಮುಗಿಯುವ ಮೊದಲೇ ಅವರಿಗೆ ನಿದ್ದೆ ಹತ್ತಿತು. ಚಾಚಿ ಎಬ್ಬಿಸಲಿಲ್ಲ. ಟಿವಿಯ ಸದ್ದು ಕಡಿಮೆ ಮಾಡಿ, ಅತ್ತೆಯ ಕಾಲ ಮೇಲೆ ಒಂದು ಕೌದಿ ಎಳೆದು, ನಾಳೆ ಹೇಳುವುದಕ್ಕೆಂದು ಉಳಿದದ್ದನ್ನು ಒಬ್ಬರೇ ನೋಡಿದರು.